ಎಂಟನೆಯ ಸ್ಥಾನದ ವಿನಯ

ಅಕ್ಟೋಬರ್ ೭, ಮಂಗಳವಾರ — ಮಧ್ಯಾಹ್ನ

ಎಕ್ಸ್-ರೇ ರೂಮಿನಲ್ಲಿ ಬೆಳಿಗ್ಗೆಯಿಂದ ಬರೀ ಎದೆಗಳೇ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಒಂದು ಎದೆ ಹೊರಗೆ ಹೋಗಿ ಇನ್ನೊಂದು ಎದೆ ಗುಂಡಿ ಬಿಚ್ಚಿಕೊಂಡು ಒಳಗೆ ಬರುವಷ್ಟರಲ್ಲಿ, ಸೀಸದ ಏಪ್ರನ್ ತೊಟ್ಟುಕೊಂಡೇ, ನಮ್ಮ ಫುಟ್‌ಬಾಲ್ ಲೀಗಿನ ಈ ವಾರದ ರ‍್ಯಾಂಕಿಂಗ್ ಮುಗಿಸಿದೆ. ಎಂಟು ತಂಡ, ಎಂಟು ಪ್ಯಾರಾ.

ಮೊದಲ ಸ್ಥಾನ ಫ್ರಿಡ್ಜ್ ರಿಪೇರಿಯವನಿಗೆ. ‘ಗ್ಯಾಸ್ ತುಂಬಿಸಿದ ಮೇಲೆ ಚೆನ್ನಾಗಿ ತಣಿಯುತ್ತಿದೆ. ಶಬ್ದ ಮಾತ್ರ ಜಾಸ್ತಿ.’ ಕ್ಯಾಷಿಯರ್ ತಂಡ ನಾಲ್ಕು. ‘ಡಿಫೆನ್ಸ್ ಊಟಕ್ಕೆ ಎದ್ದು ಹೋಗಿದೆ, ದಯವಿಟ್ಟು ಪಕ್ಕದ ಕೌಂಟರಿನಲ್ಲಿ ವಿಚಾರಿಸಿ.’ ನನ್ನದು ಐದು. ಎಂದಿನಂತೆ. ಹುಟ್ಟಾ ಐದನೆಯವಳು ನಾನು. ಎಂಟನೆಯದು ಮಾಸ್ತರರ ‘ಹಾಫ್ ಕ್ಲಚ್’. ‘ಎಂಜಿನ್ ಓಡುತ್ತಿದೆ, ಗಾಡಿ ನಿಂತಿದೆ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದಾರೆ.’

ಗ್ರೂಪಿಗೆ ಹಾಕಿದೆ. ಮಾಸ್ತರರ ಉತ್ತರ ತಕ್ಷಣ ಬಂತು: ‘ಕಲಿಯೋರು ಓಡಿಸ್ತಿದಾರೆ ಅಂತ ಹಿಂದ್ಗಡೆ ಬೋರ್ಡ್ ಹಾಕಿದೀನಿ. ಓದ್ಕೊಳ್ಳಿ.’

ನಗು ತಡೆದುಕೊಂಡು ಬಾಗಿಲು ತೆರೆದೆ. ಮುಂದಿನ ಎದೆ.

ರಾತ್ರಿ ಊಟಕ್ಕೆ ಮುಂಚೆ

ಅಮ್ಮನ ಫೋನು. ಏನೇ ಮಾಡ್ತಿದ್ದೆ ಎಂದಳು. ಲೀಗಿನ ಕೆಲಸ ಎಂದೆ. ಇಷ್ಟು ವರ್ಷಕ್ಕೆ ಮೊದಲ ಸಲ, ಅದೇನು ಎಂದು ಕೇಳಿದಳು.

“ಫುಟ್‌ಬಾಲಾ? ಈ ವಯಸ್ಸಲ್ಲಾ?”

“ಆಡಲ್ಲಮ್ಮ. ನಿಜವಾಗ್ಲೂ ಆಡೋರನ್ನ ನಾವು ಎಂಟು ಜನ ಹಂಚ್ಕೊಂಡಿದೀವಿ. ಅವರು ವಾರದ ಕೊನೇಲಿ ಆಡ್ತಾರೆ. ಅವರು ಗೋಲ್ ಹೊಡೆದ್ರೆ ನಮಗೆ ಪಾಯಿಂಟು.”

“ಅವರಿಗೆ ಗೊತ್ತಾ?”

“ಏನು?”

“ನೀವು ಅವರನ್ನ ಹಂಚ್ಕೊಂಡಿರೋದು.”

“ಇಲ್ಲ.”

“ಏನಾದ್ರೂ ಬರುತ್ತಾ ಇದ್ರಿಂದ?”

“ಇಲ್ಲ.”

“ಸರಿ ಬಿಡು,” ಎಂದಳು. ನನಗೆ ಎಂಎಸ್ಸಿ ಓದಿಸಿದ್ದು ನೆನಪಾಗಿರಬೇಕು. ಆಮೇಲೆ ದನಿ ತಗ್ಗಿಸಿ, “ಅವನೂ ಇದಾನಾ ಅದ್ರಲ್ಲಿ?”

ಅವನು ಎಂದರೆ ಮಾಸ್ತರು. ಡ್ರೈವಿಂಗ್ ಸ್ಕೂಲ್ ಮಾಸ್ತರು. ಕಳೆದ ವರ್ಷದ ತನಕ ನನ್ನ ಭಾವ. ಕೋರ್ಟಿನಲ್ಲಿ ಎರಡು ಸಹಿ ಬಿದ್ದವು, ಅಕ್ಕ ನನ್ನ ಮನೆಯ ಹಿಂದಿನ ರೂಮಿಗೆ ಬಂದಳು, ಅಮ್ಮನ ಬಾಯಲ್ಲಿ ‘ಅವರು’ ಹೋಗಿ ‘ಅವನು’ ಬಂತು.

“ಇದಾರೆ,” ಎಂದೆ.

“ಪಾಯಿಂಟಿನ ವಿಷಯ ಎಷ್ಟೋ ಅಷ್ಟು ಮಾತಾಡು. ಜಾಸ್ತಿ ಬೇಡ.”

ಅಕ್ಟೋಬರ್ ೧೦, ಶುಕ್ರವಾರ

ಕ್ಯಾಷಿಯರ್ ನಮ್ಮ ಲೀಗಿನ ಅಧ್ಯಕ್ಷ, ಶಾಸಕ, ನ್ಯಾಯಾಧೀಶ. ಬ್ಯಾಂಕಿನಲ್ಲಿ ಯಾರೂ ಅವನ ಮಾತು ಕೇಳದ ಸಿಟ್ಟನ್ನೆಲ್ಲ ಇಲ್ಲಿ ನಿಯಮ ಮಾಡಿ ತೀರಿಸಿಕೊಳ್ಳುತ್ತಾನೆ. ಇವತ್ತು ಮತ್ತೆ ಎರಡು ನಿಯಮ ನೆನಪಿಸಿದ.

ಒಂದು. ಯಾರ ಪಾಲಿಗೂ ಬಾರದೆ ಉಳಿದ ಆಟಗಾರರನ್ನು ಮಂಗಳವಾರ ರಾತ್ರಿ ಆರಿಸಿಕೊಳ್ಳಬಹುದು. ದುರ್ಬಲರಿಗೆ ಮೊದಲ ಅವಕಾಶ. ದುರ್ಬಲರು ಯಾರು? ಪಾಯಿಂಟ್ ನೋಡಿದರೆ ಸಾಲದು, ಅದರಲ್ಲಿ ಅದೃಷ್ಟ ಬೆರೆತಿರುತ್ತದೆ. ತಂಡದ ನಿಜವಾದ ಆರೋಗ್ಯ ಪಂಡಿತೆಯ ರ‍್ಯಾಂಕಿಂಗಿನಿಂದಲೇ ತಿಳಿಯಬೇಕು. ಪಂಡಿತೆ ಎಂದರೆ ನಾನು. ನಾನು ಎಂಟನೆಯದೆಂದು ಬರೆದ ತಂಡ ಮೊದಲು ಆರಿಸುತ್ತದೆ. ಪಂಡಿತೆಗೂ ಒಂದು ತಂಡ ಇದೆಯಲ್ಲ ಎಂದು ಈ ನಿಯಮ ಮಾಡಿದ ದಿನ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಸನ್ಮಾನ ನಡೆಯುವಾಗ ಮಧ್ಯೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ.

ಎರಡು. ಈ ವರ್ಷದಿಂದ, ಸೀಸನ್ ಮುಗಿದಾಗ ಪಾಯಿಂಟಿನಲ್ಲಿ ಕೊನೆಯಾದವರು ಲೀಗಿನಿಂದಲೂ ಹೊರಗೆ, ಗ್ರೂಪಿನಿಂದಲೂ ಹೊರಗೆ. ಕ್ಯಾಷಿಯರಿನ ಬಾಮೈದ ಎರಡು ವರ್ಷದಿಂದ ಬಾಗಿಲಲ್ಲಿ ನಿಂತಿದ್ದಾನೆ. ಪ್ರತಿ ಸೋಮವಾರ ‘ಯಾರದಾದ್ರೂ ಮುಗೀತಾ ಭಾವ?’ ಎಂದು ಕೇಳುತ್ತಾನಂತೆ. ಸ್ಮಶಾನದ ಮ್ಯಾನೇಜರ್ ಆಗುವ ಲಕ್ಷಣ.

ಪಾಯಿಂಟಿನಲ್ಲೂ ಈಗ ಕೊನೆಯವರು ಮಾಸ್ತರು. ಅವರ ಮುಖ್ಯ ಫಾರ್ವರ್ಡ್ ‘ಗಾಜು’ ಸೀಸನ್ ಶುರುವಾಗುತ್ತಲೇ ಕಾಲು ಮುರಿದುಕೊಂಡು ಮಲಗಿದ್ದಾನೆ. (ನಾವು ಆಟಗಾರರ ನಿಜವಾದ ಹೆಸರು ಹೇಳುವುದಿಲ್ಲ. ಕೈಯಿಂದ ಜಾರಿಸುವ ಗೋಲ್‌ಕೀಪರ್ ‘ಸೋಪು’. ಮುಟ್ಟಿದರೆ ಒಡೆಯುವವನು ‘ಗಾಜು’.)

ಮಾಸ್ತರು ಹೊರಗೆ ಹೋದರೆ? ಹೋಗಬಾರದು. ಅಕ್ಕ ಹಾಲ್‌ನಲ್ಲಿ ಕುಳಿತು ಹತ್ತನೆಯ ಕ್ಲಾಸಿನ ಗಣಿತದ ಪೇಪರ್ ತಿದ್ದುತ್ತಿರುತ್ತಾಳೆ. ನನ್ನ ಫೋನು ಬಡಿದುಕೊಳ್ಳುತ್ತದೆ. “ಲೀಗಾ?” ಎನ್ನುತ್ತಾಳೆ. “ಲೀಗ್,” ಎನ್ನುತ್ತೇನೆ. “ಹ್ಞೂಂ,” ಎಂದು ಕೆಂಪು ಪೆನ್ನು ಮುಂದೆ ಹೋಗುತ್ತದೆ. ಲೀಗಿನಲ್ಲಿ ಯಾರಿದ್ದಾರೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ನನಗೆ ಗೊತ್ತು. ಆ ಒಂದು ಪದದ ಮರೆಯಲ್ಲಿ ನಾನೂ ಮಾಸ್ತರೂ ಇನ್ನೂ ಮಾತಾಡಿಕೊಂಡಿದ್ದೇವೆ. ಮನೆಯಲ್ಲಿ ಬೇರೆ ಯಾರೂ ಅವರೊಡನೆ ಮಾತಾಡುವುದಿಲ್ಲ.

ಅವರಿಬ್ಬರೂ ಒಳ್ಳೆಯವರೇ. ಒಂದೇ ಮನೆಯಲ್ಲಿ ಅಲ್ಲ, ಅಷ್ಟೆ.

ಅಕ್ಟೋಬರ್ ೧೬, ಗುರುವಾರ — ಸಂಜೆ

ಏನು ಮಾಡಿದೆ ನಾನು.

ಸರಿಯಾಗಿ ಬರೆಯೋಣ. ಗಾಜು ತನ್ನ ಕಾಲಿನ ಎಕ್ಸ್-ರೇಯನ್ನು ತಾನೇ ಇಂಟರ್ನೆಟ್ಟಿಗೆ ಹಾಕಿದ್ದಾನೆ. ಕೆಳಗೆ ಒಂದು ಹೃದಯದ ಚಿತ್ರ. ಏನೂ ವಿವರಣೆ ಇಲ್ಲ. ಮಾಸ್ತರು ಅದನ್ನು ನನಗೆ ಕಳಿಸಿ, ಹಿಂದೆಯೇ ಫೋನ್ ಮಾಡಿದರು.

“ಏನಮ್ಮ ಪಂಡಿತೆ, ದಿನಾ ಇದೇ ನೋಡ್ತೀಯಲ್ಲ, ನೋಡಿ ಹೇಳು. ಇವನು ಈ ಜನ್ಮದಲ್ಲಿ ಎದ್ದೇಳ್ತಾನಾ?”

ನೋಡಿದೆ. ಮುರಿದ ಗೆರೆ ಹುಡುಕಬೇಕಾಯಿತು, ಅಷ್ಟು ಮಾಸಿದೆ. ಸುತ್ತ ಹೊಸ ಮೂಳೆ ಮೋಡದ ಹಾಗೆ ಕಟ್ಟಿಕೊಂಡು ಗಟ್ಟಿಯಾಗಿದೆ. ಇಂಥ ಕಾಲು ದಿನಕ್ಕೆ ಹತ್ತು ನೋಡುತ್ತೇನೆ. ಊರುಗೋಲು ಅಲ್ಲೇ ಮರೆತು ಮನೆಗೆ ಹೋಗುವ ಕಾಲು. ಪತ್ರಿಕೆಗಳೆಲ್ಲ ಹೊಸ ವರ್ಷದ ತನಕ ಬರುವುದಿಲ್ಲ ಎಂದು ಬರೆದಿವೆ. ಈ ಕಾಲು ಮುಂದಿನ ತಿಂಗಳು ಗೋಲ್ ಹೊಡೆಯುತ್ತದೆ.

ಮಾಸ್ತರು ಆ ಕಡೆ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ಕಲಿಯುವವರು ಯಾರೋ ಗೇರನ್ನು ಕಿರ್ರೆನಿಸಿದರು.

“ಬಿಟ್ಟುಬಿಡ್ಲಾ ಇವನ್ನ?” ಎಂದರು. “ಬೆಂಚಲ್ಲಿ ಸುಮ್ನೆ ಜಾಗ ತಿಂತಿದಾನೆ.”

ಆಸ್ಪತ್ರೆಯಲ್ಲಿ ನಾವು ಟೆಕ್ನಿಷಿಯನ್‌ಗಳು ಪೇಷಂಟಿಗೆ ಏನೂ ಹೇಳುವಂತಿಲ್ಲ. ಎಷ್ಟೇ ಕೇಳಲಿ, ‘ಡಾಕ್ಟರ್ ಹೇಳ್ತಾರೆ’ ಎನ್ನಬೇಕು. ಅಷ್ಟನ್ನೇ ಹೇಳಿದ್ದರೆ ಸಾಕಿತ್ತು. ಅಭ್ಯಾಸದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು.

“ಕಾಲಿನ ವಿಷಯ ಅಲ್ವಾ,” ಎಂದೆ. “ತಡ ಆಗುತ್ತೆ. ಇನ್ನೂ ಕೂಡಿರೋ ಹಾಗೆ ಕಾಣ್ತಿಲ್ಲ.”

“ಅಷ್ಟು ಹೇಳಿದ್ಯಲ್ಲ, ಸಾಕು. ಬಿಟ್ಟೆ.”

ಹತ್ತು ನಿಮಿಷಕ್ಕೆ ಗ್ರೂಪಿನಲ್ಲಿ ಬಂತು: ‘ಹಾಫ್ ಕ್ಲಚ್ ತಂಡವು ಗಾಜನ್ನು ಬಿಡುಗಡೆ ಮಾಡಿದೆ.’ ಫ್ರಿಡ್ಜ್ ಒಂದು ಪೊರಕೆಯ ಚಿತ್ರ ಹಾಕಿದ.

ಯೋಚಿಸಿ ಮಾಡಿದ್ದಲ್ಲ. ಹಾಗೆಂದು ಇಲ್ಲಿ ಬರೆಯುತ್ತಿದ್ದೇನೆ, ಓದುವವರು ಯಾರೂ ಇಲ್ಲದಿದ್ದರೂ. ಬಾಯಿ ಹೇಳಿದ ಮೇಲೆ ತಲೆಗೆ ಗೊತ್ತಾದದ್ದು... ಹೌದಾ? ಬಾಯಿಗೆ ಯಾರು ಹೇಳಿಕೊಟ್ಟರು ಮತ್ತೆ?

ಅಕ್ಟೋಬರ್ ೨೧, ಮಂಗಳವಾರ

ಗಾಜು ಯಾರದೂ ಅಲ್ಲ. ಇವತ್ತು ರಾತ್ರಿ ಮೊದಲು ಆರಿಸುವವರು ಯಾರಾದರೂ ಎತ್ತಿಕೊಳ್ಳಬಹುದು. ಎಂಟನೆಯವರು ಮೊದಲು.

ಬೆಳಿಗ್ಗೆ ಮಾಸ್ತರರನ್ನೇ ಎಂಟನೆಯದಾಗಿ ಬರೆದಿದ್ದೆ. ಚೆನ್ನಾಗಿಯೂ ಇತ್ತು. ಮಧ್ಯಾಹ್ನ ಒಂದು ಮೊಣಕಾಲಿಗೂ ಒಂದು ಭುಜಕ್ಕೂ ನಡುವೆ ಅಳಿಸಿ, ಅವರನ್ನು ಏಳಕ್ಕೆ ಏರಿಸಿದೆ. ‘ಸೆಕೆಂಡ್ ಗೇರಿಗೆ ಬಂದಿದೆ, ಯಾರೂ ನಂಬುತ್ತಿಲ್ಲ.’ ಎಂಟನೆಯ ಸ್ಥಾನದಲ್ಲಿ ನನ್ನನ್ನೇ ಕೂರಿಸಿಕೊಂಡೆ. ಉದ್ದ ಬರೆದೆ. ‘ಈ ತಂಡದ ಮಾಲಕಿಗೆ ಪರರ ತಂಡದ ಹುಳುಕು ಕತ್ತಲಲ್ಲೂ ಕಾಣುತ್ತದೆ, ತನ್ನದು ಹಗಲಲ್ಲೂ ಕಾಣುವುದಿಲ್ಲ. ಇಷ್ಟು ದಿನ ಐದರಲ್ಲಿ ಅಡಗಿದ್ದು ಪಕ್ಷಪಾತ. ಇಂದು ಆತ್ಮಸಾಕ್ಷಿ ಎಚ್ಚೆತ್ತಿದೆ.’

ಆತ್ಮಸಾಕ್ಷಿ ಎಂಬ ಪದವನ್ನು ಒಂದೇ ಸಲಕ್ಕೆ ತಪ್ಪಿಲ್ಲದೆ ಬರೆದೆ. ಅದು ಬೇರೆ ಸೋಜಿಗ.

ಗ್ರೂಪಿನಲ್ಲಿ ಜಯಕಾರ. ಕ್ಯಾಷಿಯರ್: ‘ನಿಷ್ಪಕ್ಷಪಾತ ಅಂದ್ರೆ ಇದು. ಎಲ್ಲರೂ ಕಲೀರಿ.’ ಫ್ರಿಡ್ಜ್: ‘ಅಕ್ಕೋರ ಪಾದದ ಫೋಟೋ ಹಾಕಿ, ನಮಸ್ಕಾರ ಮಾಡ್ತೀನಿ.’ ಮಾಸ್ತರು: ‘ಯಾಕಮ್ಮ ಇಷ್ಟು ಕೆಳಗೆ ಇಳಿದೆ? ನಿನ್ನ ತಂಡ ಅಷ್ಟೇನೂ ಕೆಟ್ಟದಾಗಿಲ್ಲ.’

ಎಂಟು ಗಂಟೆಗೆ ಗಾಜನ್ನು ಎತ್ತಿಕೊಂಡೆ. ‘ಯಾರಿಗೂ ಬೇಡವಾದವನನ್ನ ಕರುಣೆಯಿಂದ’ ಎಂದು ಬೇರೆ ಸೇರಿಸಿದೆ.

ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಒಮ್ಮೆಯಾದರೂ ಗೆಲ್ಲಬೇಕಿತ್ತು. ಇಷ್ಟೇ. ಐದರಿಂದ ಬೇಜಾರಾಗಿತ್ತು. ಐದನೆಯವರನ್ನು ಯಾರೂ ಬಯ್ಯುವುದೂ ಇಲ್ಲ, ಹೊಗಳುವುದೂ ಇಲ್ಲ.

ನವೆಂಬರ್ ೨, ಭಾನುವಾರ

ಗಾಜು ಬಂದ. ಯಾವ ಪತ್ರಿಕೆಯೂ ಹೇಳಿರಲಿಲ್ಲ. ಎರಡು ಗೋಲ್. ಎರಡನೆಯದಕ್ಕೆ ಕುಣಿದ ಕಾಲೇ ಆ ಕಾಲು.

ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಅಕ್ಕ ಪೇಪರಿನಿಂದ ತಲೆ ಎತ್ತಿ, “ಏನೇ, ನೀನೇ ಹೊಡೆದವಳ ಹಾಗೆ?” ಎಂದಳು. ಕುಳಿತೆ.

ಮಾಸ್ತರರ ಸಂದೇಶ, ಗ್ರೂಪಿನಲ್ಲಿ ಅಲ್ಲ, ನನಗೆ ಮಾತ್ರ: ‘ನಿನ್ನ ಕರುಣೆಗೆ ಫಲ ಸಿಕ್ತು. ಖುಷಿಯಾಯ್ತಮ್ಮ. ನನ್ನ ಕೈಲಿದ್ದಿದ್ರೆ ಮತ್ತೆ ಒಡೀತಿದ್ದ ಬಿಡು.’

ಬಯ್ದಿದ್ದರೆ ಚೆನ್ನಾಗಿತ್ತು.

ಈ ವಾರ ನಾನು ಎರಡನೆಯವಳು. ಮಾಸ್ತರು ಕೊನೆ, ಏಳನೆಯವರಿಗಿಂತ ತುಂಬ ಹಿಂದೆ. ಕ್ಯಾಷಿಯರಿನ ಬಾಮೈದ ತನ್ನ ತಂಡಕ್ಕೆ ಹೆಸರು ಹುಡುಕಲು ಶುರು ಮಾಡಿದ್ದಾನಂತೆ.

ನವೆಂಬರ್ ೪, ಮಂಗಳವಾರ

ಪ್ರಾಯಶ್ಚಿತ್ತ ಆರಂಭ. ಮಾಸ್ತರರನ್ನು ಎಂಟಕ್ಕೆ ಹಾಕಿದೆ, ಮೊದಲ ಆಯ್ಕೆ ಅವರಿಗೆ ಸಿಗಲೆಂದು. ಆಮೇಲೆ ಜೋಕ್ ಬರೆಯಲು ಕುಳಿತೆ. ಬರಲಿಲ್ಲ. ಕ್ಲಚ್ಚು, ಬ್ರೇಕು, ಮಿರರು — ಯಾವುದನ್ನು ಹಿಡಿದರೂ ಕೈ ಸುಟ್ಟಿತು. ನಾನೇ ತಳ್ಳಿದವರನ್ನು ನೋಡಿ ನಾನೇ ನಗುವುದು ಹೇಗೆ? ಕೊನೆಗೆ ಬರೆದದ್ದು: ‘ಉತ್ತಮ ಪ್ರಯತ್ನ. ಮುಂದಿನ ವಾರಗಳಲ್ಲಿ ಸುಧಾರಣೆಯ ನಿರೀಕ್ಷೆಯಿದೆ.’

ಶಾಲೆಯ ಪ್ರೋಗ್ರೆಸ್ ಕಾರ್ಡಿನ ಭಾಷೆ. ಅಕ್ಕನಿಂದ ಅಂಟಿದ್ದು.

ಮಾಸ್ತರು ಉತ್ತರಿಸಲಿಲ್ಲ.

ನವೆಂಬರ್ ೧೧, ಮಂಗಳವಾರ

ಎಂಟು: ಹಾಫ್ ಕ್ಲಚ್. ‘ಶ್ರಮ ಶ್ಲಾಘನೀಯ.’

ಮೊದಲ ಆಯ್ಕೆಯಲ್ಲಿ ಸೋಪನ್ನು ಎತ್ತಿಕೊಂಡರು. ಅಯ್ಯೋ ಮಾಸ್ತರೇ. ಊರಿಗೆಲ್ಲ ಬೇಡವಾದವನು ಅವನು. ಫೋನ್ ಮಾಡಿ ಹೇಳೋಣ ಎನಿಸಿತು. ನನ್ನ ಸಲಹೆಯನ್ನು ಒಮ್ಮೆ ಕೇಳಿದ್ದಾರಲ್ಲ, ಸಾಕಲ್ಲವೇ.

ಇವತ್ತು ವಯಸ್ಸಾದವರೊಬ್ಬರು ಮೇಜಿನ ಮೇಲೆ ಮಲಗಿಕೊಂಡೇ, “ಹೆಂಗಿದೆ ತಾಯಿ ಮಂಡಿ?” ಎಂದರು. “ಡಾಕ್ಟರ್ ಹೇಳ್ತಾರೆ,” ಎಂದೆ. “ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿದೆ ಬಿಡಿ,” ಎಂದು ನಿಟ್ಟುಸಿರಿಟ್ಟರು. ಮಂಡಿ ಚೆನ್ನಾಗಿಯೇ ಇತ್ತು. ಮುಖ ಕೆಟ್ಟದ್ದು ಬೇರೆ ಕಾರಣಕ್ಕೆ. ಅವರಿಗೆ ಹೇಗೆ ಹೇಳುವುದು?

ನವೆಂಬರ್ ೨೦, ಗುರುವಾರ

ಸಂಜೆ ಆಸ್ಪತ್ರೆಯಿಂದ ಹೊರಬಂದರೆ ಗೇಟಿನ ಹತ್ತಿರ ಮಾಸ್ತರರ ಕಾರು. ಮೇಲೆ ಹಳದಿ ಬೋರ್ಡು, ಎರಡೂ ಕಡೆ ಪೆಡಲು. “ಈ ಕಡೆ ಒಬ್ಬರನ್ನ ಬಿಡೋಕೆ ಬಂದಿದ್ದೆ, ಹತ್ತು,” ಎಂದರು. ಕೀ ನನ್ನ ಕೈಗೇ ಕೊಟ್ಟು ತಾವು ಪಕ್ಕದ ಸೀಟಿನಲ್ಲಿ ಕುಳಿತರು. ನನಗೆ ಗಾಡಿ ಕಲಿಸಿದವರು ಅವರೇ. ಇವತ್ತಿಗೂ ನಾನು ಓಡಿಸಿದರೆ ಅವರ ಬಲಗಾಲು ತಮ್ಮ ಬ್ರೇಕಿನ ಮೇಲೆ ತೂಗಾಡುತ್ತಿರುತ್ತದೆ.

ಎರಡು ತಿರುವು ದಾಟಿದೆವು. ಆಮೇಲೆ,

“ನಿನ್ನ ಕೇಳ್ಬೇಕಿತ್ತು. ನನ್ನ ಮೇಲೆ ಏನಾದ್ರೂ ಬೇಜಾರಾ?”

“ನನಗಾ? ಯಾಕೆ?”

“ಎಂಟಕ್ಕೆ ಹಾಕ್ತೀಯ, ಹಾಕು. ನನ್ನ ತಂಡಕ್ಕೆ ಒಂಬತ್ತಿದ್ರೆ ಒಂಬತ್ತಕ್ಕೆ ಹಾಕ್ಬೇಕು. ಆದ್ರೆ ಬಯ್ಯಲ್ವಲ್ಲ ಈಗ. ‘ಶ್ರಮ ಶ್ಲಾಘನೀಯ’ ಅಂತೆ. ಅದೇನು, ನಾನು ರಿಟೈರ್ ಆಗ್ತಿದೀನಾ? ಹಾರ ತಂದಿದ್ದೀಯಾ?”

“ಜೋಕ್ ಹೊಳೀಲಿಲ್ಲ.”

“ಮೂರು ವಾರದಿಂದ? ಫ್ರಿಡ್ಜ್ ಮೇಲೆ ಹೊಳೀತು, ಕ್ಯಾಷಿಯರ್ ಮೇಲೆ ಹೊಳೀತು.” ಕನ್ನಡಿ ಸರಿಮಾಡಿಕೊಂಡರು, ಅವರ ಕಡೆಗೂ ಒಂದು ಇದೆ. “ನೋಡು, ಕೋರ್ಟ್ ಮುಗಿದ ದಿನದಿಂದ ನಿಮ್ಮನೇಲಿ ಎಲ್ರೂ ನನ್ನ ಹತ್ರ ತುಂಬಾ ಮರ್ಯಾದೆಯಿಂದ ನಡ್ಕೊಂಡ್ರು. ನಿಮ್ಮಪ್ಪ ‘ಬನ್ನಿ, ಕೂತ್ಕೊಳ್ಳಿ’ ಅಂದ್ರು. ಇಷ್ಟು ವರ್ಷ ‘ಲೋ, ಬಾರೋ’ ಅಂತಿದ್ದೋರು. ಆವತ್ತೇ ಗೊತ್ತಾಯ್ತು, ಮುಗೀತು ಅಂತ. ನೀನೊಬ್ಬಳು ಬಯ್ತಿದ್ದೆ. ಈಗ ನೀನೂ ಶ್ಲಾಘಿಸೋಕೆ ಶುರು ಮಾಡಿದೀಯ.”

ಗೇರ್ ಇಳಿಸಿದೆ.

“ಭಾವ,” ಎಂದೆ. ಒಂದು ವರ್ಷದಿಂದ ಏನೂ ಕರೆಯದೆ ಮಾತಾಡಿಕೊಂಡು ಬಂದಿದ್ದೆ, ಹೊರಟೇ ಹೋಯಿತು. “ಆ ಎಕ್ಸ್-ರೇ. ಕಾಲು ಕೂಡಿತ್ತು. ನೋಡಿದ ತಕ್ಷಣ ಗೊತ್ತಾಯ್ತು. ಬೇಕಂತ್ಲೇ ಸುಳ್ಳು ಹೇಳ್ದೆ. ಆಮೇಲೆ ಅವನು ಬೇಕು ಅಂತಾನೇ ನನ್ನ ನಾನು ಎಂಟಕ್ಕೆ ಹಾಕ್ಕೊಂಡೆ.”

ಗಾಡಿ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿರಲಿಲ್ಲ.

“ಸಾರಿ,” ಎಂದರು. “ಅಭ್ಯಾಸ.” ಹಿಂದಿನಿಂದ ಹಾರ್ನು. ತುಂಬ ಹೊತ್ತು ತಮ್ಮ ಕಾಲನ್ನೇ ನೋಡಿದರು.

“ಗಾಜಿನ ಕಾಲು ಕಟ್ಕೊಂಡು ನನಗೇನಾಗ್ಬೇಕಿತ್ತು?” ಎಂದರು ಕೊನೆಗೆ. “ಇಂಟರ್ನೆಟ್ಟಲ್ಲಿ ನೂರು ಜನ ಡಾಕ್ಟ್ರು ಅದೇ ಫೋಟೋ ಇಟ್ಕೊಂಡು ಜಗಳ ಆಡ್ತಿದ್ರು. ಓದಿದ್ದೆ. ನಿನಗೆ ಫೋನ್ ಮಾಡೋಕೆ ಒಂದು ಕಾರಣ ಬೇಕಿತ್ತು. ಅದು ಸಿಕ್ಕಿದ್ದಕ್ಕೆ ಮಾಡ್ದೆ.”

ಹಿಂದಿನಿಂದ ಮತ್ತೆ ಹಾರ್ನು.

“ಫಸ್ಟ್ ಗೇರ್ ಹಾಕು. ಮನೆ ತನಕ ಬಿಡೋದು ಬೇಡ, ನಿಮ್ಮಕ್ಕ ಬಾಲ್ಕನೀಲಿರ್ತಾಳೆ. ಮೂಲೇಲಿ ಇಳ್ಕೋ.”

ಮೂಲೆಯಲ್ಲಿ ಇಳಿದೆ. ಅವರು ಈ ಸೀಟಿಗೆ ಬಂದು, ಇಂಡಿಕೇಟರ್ ಹಾಕಿ, ಎರಡೂ ಕನ್ನಡಿ ನೋಡಿ, ಪುಸ್ತಕದಲ್ಲಿದ್ದ ಹಾಗೆ ಹೊರಟರು. ಕೈ ಬೀಸಲಿಲ್ಲ.

ನವೆಂಬರ್ ೨೩, ಭಾನುವಾರ

ಗಾಜು ಮತ್ತೆ ಒಂದು ಹೊಡೆದ. ನಾನು ಮೊದಲ ಸ್ಥಾನ. ಜೀವನದಲ್ಲಿ ಮೊದಲ ಬಾರಿಗೆ. ಟೀವಿ ಆರಿಸಿ ಬಟ್ಟೆ ಮಡಿಚಿದೆ.

ಮಾಸ್ತರರಿಂದ ಒಂದೂ ಸಂದೇಶ ಇಲ್ಲ. ಗ್ರೂಪಿನಲ್ಲೂ ಇಲ್ಲ.

ನವೆಂಬರ್ ೨೫, ಮಂಗಳವಾರ — ಬೆಳಿಗ್ಗೆ

ಲೆಕ್ಕ ಹಾಕಿದೆ, ಅಕ್ಕನ ಹಾಗೆ ಹಂತ ಹಂತವಾಗಿ. ಸುಮ್ಮನಿದ್ದರೆ ಮಾಸ್ತರು ಹೊರಗೆ. ಒಪ್ಪಿಕೊಂಡರೆ ನಾನು ಹೊರಗೆ, ಮೋಸಕ್ಕೆ ಕ್ಯಾಷಿಯರಿನ ಸಂವಿಧಾನದಲ್ಲಿ ಅದೊಂದೇ ಶಿಕ್ಷೆ. ಯಾವ ಹಂತದಲ್ಲೂ ನಾವಿಬ್ಬರೂ ಒಳಗೆ ಎಂಬ ಉತ್ತರ ಬರುವುದಿಲ್ಲ. ‘ಲೀಗ್’ ಎಂಬ ಮಾತಿನ ಮರೆ ಹೇಗಿದ್ದರೂ ಹೋಯಿತು.

ಆದರೂ ಎರಡೂ ಒಂದೇ ಅಲ್ಲ. ಅವರಿಗೆ ಅಲ್ಲಿ ಇನ್ನೂ ಆರು ಜನ ಇದ್ದಾರೆ, ಬಯ್ಯುವುದಕ್ಕೆ. ಹೊರಗೆ ಯಾರಿದ್ದಾರೆ?

ಮಧ್ಯಾಹ್ನ

ಬರೆದೆ. ಎಂಟು ಪ್ಯಾರಾ. ಏಳನೆಯದರಲ್ಲಿ ಹಾಫ್ ಕ್ಲಚ್‌ಗೆ ಚೆನ್ನಾಗಿ ಬಾರಿಸಿದೆ: ‘ಗೋಲಿಗೆ ಸೋಪನ್ನು ಹಚ್ಚಿದ್ದಾರೆ. ಇನ್ನು ಚೆಂಡು ಒಳಗೆ ಹೋಗುವುದಲ್ಲದೆ ತೊಳೆದುಕೊಂಡೂ ಹೋಗುತ್ತದೆ. ಈ ಮಾಸ್ತರರಿಗೆ ಲೈಸೆನ್ಸ್ ಕೊಟ್ಟವರು ಯಾರು, ಪತ್ತೆ ಹಚ್ಚಿ.’ ಬರೆಯುವಾಗ ಕೈ ಸುಡಲಿಲ್ಲ.

ಎಂಟು, ನನ್ನ ತಂಡ. ‘ಪಾಯಿಂಟಿನಲ್ಲಿ ಮೊದಲು, ಉಳಿದೆಲ್ಲದರಲ್ಲಿ ಕೊನೆ. ಇದರ ಮಾಲಕಿ ಕೂಡಿದ ಮೂಳೆಯನ್ನು ಕೂಡಿಲ್ಲವೆಂದು ಹೇಳಿ ಗಾಜನ್ನು ಬಿಡಿಸಿದಳು. ಅವನನ್ನು ಎತ್ತಿಕೊಳ್ಳುವುದಕ್ಕಾಗಿಯೇ ಅಕ್ಟೋಬರಿನಲ್ಲಿ ಎಂಟನೆಯ ಸ್ಥಾನದಲ್ಲಿ ವಿನಯ ನಟಿಸಿದಳು. ನೀವು ನಮಸ್ಕಾರ ಮಾಡಿದಿರಿ. ಆ ನಮಸ್ಕಾರಗಳನ್ನು ವಾಪಸ್ ತೆಗೆದುಕೊಳ್ಳತಕ್ಕದ್ದು. ಇದು ಜೋಕ್ ಅಲ್ಲ.’

ಕಳಿಸಿದೆ. ಎಲ್ಲರೂ ಜೋಕ್ ಎಂದುಕೊಂಡರು. ಫ್ರಿಡ್ಜ್ ಹೊಟ್ಟೆ ಹಿಡಿದು ನಗುವ ಚಿತ್ರ ಹಾಕಿದ. ಕ್ಯಾಷಿಯರ್ ‘ಈ ವಾರದ ಬೆಸ್ಟ್’ ಎಂದ. ಇಷ್ಟು ವರ್ಷ ಆಡಿಕೊಂಡದ್ದರ ಫಲ. ನಿಜ ಹೇಳಿದರೂ ಚಪ್ಪಾಳೆ.

ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ನಿಜವಾಗಿಯೂ ಮೋಸ ಮಾಡಿದ್ದೇನೆ, ದಯವಿಟ್ಟು ನಂಬಿ ಎಂದು ಬೇಡಿಕೊಳ್ಳಬೇಕಾಯಿತು. ಕ್ಯಾಷಿಯರ್ ಕೌಂಟರಿನಲ್ಲಿದ್ದ.

“ಪ್ರೂಫ್ ಇದ್ಯಾ?” ಎಂದ.

“ನಾನೇ ಹೇಳ್ತಿದೀನಲ್ಲ.”

“ಮೇಡಂ, ನಿಮ್ಮ ಮಾತು ನಂಬೋ ಹಾಗಿಲ್ಲ ಅಂತ ಈಗ ನೀವೇ ಹೇಳಿದ್ರಿ.”

ನವೆಂಬರ್ ೨೬, ಬುಧವಾರ

ತೀರ್ಪು ಬಂತು. ನನ್ನ ತಂಡ ರದ್ದು. ಗಾಜು ಗೆದ್ದುಕೊಟ್ಟ ಪಾಯಿಂಟೆಲ್ಲ ರದ್ದು, ಗಾಜು ಹಾಫ್ ಕ್ಲಚ್‌ಗೆ ವಾಪಸ್. ಪಂಡಿತೆ ಹೊರಗೆ. ಬಾಮೈದ ಒಳಗೆ. ಆ ಮನುಷ್ಯ ಮೊದಲ ಸಂದೇಶದಲ್ಲೇ ‘ಮೃತರಿಗೆ ಸಂತಾಪ’ ಎಂದು ಬರೆದನಂತೆ.

ಫ್ರಿಡ್ಜ್ ಫೋನ್ ಮಾಡಿದ್ದ. ನಗಲಿಲ್ಲ, ಮೊದಲ ಸಲ.

“ಯಾಕೆ ಅಕ್ಕೋರೇ ಹೇಳೋಕ್ಹೋದ್ರಿ? ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಮಾಸ್ತರು ಏನಂದ್ರು?”

“ವೋಟಿಗೆ ಹಾಕಿದ್ವಿ. ತೆಗೀರಿ ಅಂತ್ಲೂ ಹೇಳಿಲ್ಲ, ಬೇಡ ಅಂತ್ಲೂ ಹೇಳಿಲ್ಲ. ಕ್ಲಾಸಿದೆ ಅಂತ ಹೊರಟ್ರು.”

ಫೋನಿನಲ್ಲಿ ಗ್ರೂಪಿನ ಜಾಗದಲ್ಲಿ ಒಂದು ಬೂದು ಸಾಲು. ನಿಮ್ಮನ್ನು ತೆಗೆಯಲಾಗಿದೆ. ಎಷ್ಟು ಸರಳವಾದ ವಾಕ್ಯ. ಕೋರ್ಟಿಗೂ ಹೋಗಬೇಕಿಲ್ಲ.

ಡಿಸೆಂಬರ್ ೨, ಮಂಗಳವಾರ

ಎದೆ, ಎದೆ, ಸೊಂಟ, ಎದೆ. ನಡುವೆ ಬಿಡುವು ಸಿಕ್ಕಿತು. ಏನು ಮಾಡುವುದೆಂದು ತೋಚದೆ ಕಾಯುವ ಕೋಣೆಯ ಕುರ್ಚಿಗಳಿಗೆ ರ‍್ಯಾಂಕ್ ಕೊಟ್ಟೆ. ಫ್ಯಾನಿನ ಕೆಳಗಿನದು ಒಂದು. ಕಾಲು ಅಲ್ಲಾಡುವುದು ಎಂಟು. ‘ಶ್ರಮ ಶ್ಲಾಘನೀಯ.’ ನನಗೇ ನಗು ಬರಲಿಲ್ಲ.

ಗ್ರೂಪಿನ ಈಗಿನ ರ‍್ಯಾಂಕಿಂಗನ್ನು ಕ್ಯಾಷಿಯರೇ ಬರೆಯುತ್ತಾನಂತೆ. ‘ತಂಡ ಅ: ತೃಪ್ತಿಕರ.’ ಫ್ರಿಡ್ಜ್ ಗುಟ್ಟಾಗಿ ಕಳಿಸಿದ್ದ. ಮಾಸ್ತರು ಏಳನೆಯ ಸ್ಥಾನಕ್ಕೆ ಬಂದಿದ್ದಾರೆ, ಕೆಳಗೆ ಬಾಮೈದ. ಉಳಿಯಬಹುದು. ಉಳಿಯಲಿ.

ಎರಡು ಸಲ ಅವರ ನಂಬರ್ ತೆಗೆದೆ. ಏನೆಂದು ಹೇಳಿ ಮಾಡುವುದು? ಕ್ಷಮಿಸಿ ಎನ್ನಲೇ? ಅದನ್ನು ಎಲ್ಲರೆದುರು ಎಂಟನೆಯ ಪ್ಯಾರಾದಲ್ಲಿ ಹೇಳಿಯಾಗಿದೆ. ಗಾಜು ಹೇಗಿದ್ದಾನೆ ಎನ್ನಲೇ? ನನ್ನ ಬಾಯಲ್ಲಿ ಆ ಹೆಸರೇ?

ಫೋನ್ ಇಟ್ಟುಬಿಟ್ಟೆ.

ಅಕ್ಕ ರಾತ್ರಿ ಅಡುಗೆಮನೆಯಲ್ಲಿ, “ನಿನ್ನ ಫೋನ್ ಕೆಟ್ಟಿದ್ಯಾ? ಸದ್ದೇ ಇಲ್ಲ,” ಎಂದಳು.

“ಲೀಗ್ ಮುಗೀತು.”

“ಮೇ ತನಕ ಇರುತ್ತಲ್ಲ?”

“ನಂದು ಮುಗೀತು. ತೆಗೆದುಹಾಕಿದ್ರು. ಮೋಸ ಮಾಡಿದ್ದೆ.”

ತೊಳೆಯುತ್ತಿದ್ದ ಲೋಟವನ್ನು ಇನ್ನೊಮ್ಮೆ ತೊಳೆದಳು. “ಯಾರಿಗೆ?”

ಆ ಲೋಟ ತೆಗೆದುಕೊಂಡು ಒರೆಸಿದೆ. ಅವಳು ಮತ್ತೆ ಕೇಳಲಿಲ್ಲ. ಮಲಗುವ ಮುಂಚೆ ನನ್ನ ಮಂಚದ ಪಕ್ಕ ಟೀ ತಂದಿಟ್ಟು ಹೋದಳು. ಸಕ್ಕರೆ ಹಾಕಿರಲಿಲ್ಲ. ಮರೆತದ್ದೋ, ಅಥವಾ ಅದೇ ತೀರ್ಪೋ.

ಡಿಸೆಂಬರ್ ೧೪, ಭಾನುವಾರ — ಸಂಜೆ

ಹಾಲ್‌ನ ಮೇಜು. ಆ ತುದಿಯಲ್ಲಿ ಅಕ್ಕ ಮತ್ತು ಅವಳ ತ್ರಿಕೋನಗಳು, ಈ ತುದಿಯಲ್ಲಿ ನಾನು. ನಡುವೆ ಫೋನು. ಮ್ಯಾಚ್ ನೋಡುತ್ತಿಲ್ಲ. ಯಾರು ಹೊಡೆದರೆ ನನಗೇನು, ಈಗ ನನ್ನವರು ಎಂದು ಯಾರೂ ಇಲ್ಲ...

ಫೋನು ಬಡಿದುಕೊಳ್ಳುತ್ತಿದೆ. ಮಾಸ್ತರು.

ನಿಂತಿತು.

ಬರೆಯುತ್ತಿರುವವಳ ಹಾಗೆ ತಲೆ ತಗ್ಗಿಸಿದ್ದೇನೆ. ಬರೆಯುತ್ತಲೂ ಇದ್ದೇನೆ. ಅಕ್ಕನಿಗೆ ಹೆಸರು ಕಂಡಿತೇ? ಅವಳ ಪೆನ್ನು ನಿಂತಿದೆ. ಗಾಜು ಮತ್ತೆ ಬಿದ್ದನೇ? ಬಾಮೈದ ಏನಾದರೂ ಅಂದನೇ? ಬಯ್ಯಲು ಮಾಡಿದರೇ? ಬಯ್ಯಲಿ, ಪುಣ್ಯ ಬರುತ್ತೆ.

ಮತ್ತೆ ಬಡಿದುಕೊಳ್ಳುತ್ತಿದೆ.

“ಲೀಗಾ?” ಎಂದಳು ಅಕ್ಕ.

“ಅಲ್ಲ,” ಎಂದೆ. “ಲೀಗ್ ಅಲ್ಲಕ್ಕ.”

“ಗೊತ್ತು. ಎತ್ತೇ. ಟೇಬಲ್ ಅದುರಿ ನನ್ನ ಗೆರೆ ಎಲ್ಲ ಸೊಟ್ಟ ಆಗ್ತಿದೆ.”

ಎಡಗೈಯಲ್ಲಿ ಎತ್ತಿದ್ದೇನೆ. ಬಲಗೈ ಬಿಡದೆ ಬರೆ... ಆ ಕಡೆ ರಸ್ತೆಯ ಸದ್ದು. ಏನು ವಿಷಯ ಎಂದು ಕೇಳಿದೆ. “ಏನಿಲ್ಲಮ್ಮ,” ಎಂದರು. “ಸುಮ್ನೆ ಮಾಡ್ದೆ. ಕಾರಣ ಏನೂ ಇಲ್ಲ.”